ಮನೆ ಹಿಂದಿನ ಬೈಲು ಗದ್ದೆ ವಾಣಿಜ್ಯ ವಲಯ ಆಗುತ್ತದಂತೆ. ಆಕ್ಷೇಪ ಹಾಕುವುದಾ, ಬೇಡವಾ?

ತೋಡಿನ ಬದಿ ಮನೆ:
ಉಡುಪಿ, ಮಂಗಳೂರು ಕಡೆಯವರು ಸ್ವಲ್ಪ ಹೇಳಿ. ನಿನ್ನೆ ಬಂಗುಡೆ ಮೀನು ಕ್ಲೀನ್ ಮಾಡಲು ಹಾಸಿದ್ದ ಹಳೇ ಪೇಪರಿನಲ್ಲಿ ಬೆರಳಗಲದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ನಮ್ಮ ಮನೆ ಹಿಂದಿನ 80 ಸೆಂಟ್ಸ್ ಗದ್ದೆಯನ್ನು ಕೃಷಿ ವಲಯದಿಂದ ವಾಣಿಜ್ಯ ವಲಯಕ್ಕೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪ ಇದ್ದವರು 15 ದಿನದೊಳಗೆ ಬರೆದು ಕೊಡಬೇಕು ಅಂತ. ನಾನು ನೋಡುವಾಗ ಅದು ಬಂದು 6 ದಿನ ಆಗಿತ್ತು. ಅದು ಬೈಲು ಗದ್ದೆ, ಅಂದರೆ ತಗ್ಗಿನದ್ದು, ಮೇಲಿನ ಗುಡ್ಡೆಯ ನೀರೆಲ್ಲ ಅಲ್ಲಿಗೇ ಇಳಿಯುವುದು. 2020ರ ಸೆಪ್ಟೆಂಬರ್ ನೆರೆ ನಿಮಗೂ ನೆನಪಿರಬಹುದು. ಆ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಅಂಗಳದಲ್ಲಿ ತುಳಸಿಕಟ್ಟೆಯ ಎರಡನೇ ಮೆಟ್ಟಿಲವರೆಗೆ ನೀರು. ಗದ್ದೆ ಇದ್ದೇ ಹಾಗೆ, ಇನ್ನು ಅಲ್ಲಿ ಮಣ್ಣು ತುಂಬಿಸಿ ಹಾಲ್ ಕಟ್ಟಿದರೆ? ಯಜಮಾನರು ಹೇಳುತ್ತಾರೆ, ಸುಮ್ನೆ ನೆರೆಕರೆಯವರ ಹತ್ತಿರ ನಿಷ್ಠುರ ಯಾಕೆ ಅಂತ.

ಸಂಜೆ ಬನ್ಸ್:
ಅಕ್ಕ, ಮೊದಲು ಆ ಬಂಗುಡೆಗೆ ಒಂದು ಥ್ಯಾಂಕ್ಸ್ ಹೇಳಿ. ಇಂಥ ಪ್ರಕಟಣೆಯನ್ನು ಪೇಪರ್ ಬಂದ ದಿನವೇ ಓದಿದ ಒಬ್ಬ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ.

ಹಡಿಲು ಗದ್ದೆ:
ನಾನು ಆಚೆ ಬದಿಯವ, ಸಿಟ್ಟು ಮಾಡಬೇಡಿ. ಬ್ರಹ್ಮಾವರದ ಹತ್ತಿರ ನನ್ನ ಹೆಸರಲ್ಲಿ 60 ಸೆಂಟ್ಸ್ ಬೈಲು ಉಂಟು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಅಜ್ಜ ಗೇಣಿದಾರ ಅಂತ ಡಿಕ್ಲರೇಷನ್ ಕೊಟ್ಟು ಪಡೆದದ್ದು. ಅಪ್ಪ ಮಳೆಗಾಲದ ಏಣೇಲು, ಆಮೇಲಿನ ಸುಗ್ಗಿ ಎರಡೂ ಭತ್ತ ಬೆಳೆಯುತ್ತಿದ್ದರು. ನಾನು ಕೊನೇ ಸಲ ಬೆಳೆದ ವರ್ಷ ನೇಜಿ ನೆಡಲು ಜನ ಸಿಗಲಿಲ್ಲ, ಯಂತ್ರಕ್ಕೆ ಹತ್ತು ದಿನ ಕಾದೆ, ಕೊಯ್ಲಿನ ಹೊತ್ತಿಗೆ ಮಳೆ ಹೊಡೆದು ಕಟಾವಿನ ಯಂತ್ರ ಅರ್ಧ ಗದ್ದೆಯಲ್ಲಿ ಹೂತು ಹೋಯಿತು, ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತರಿಸಿದೆ. ಲೆಕ್ಕ ಹಾಕಿದರೆ ಅಂಗಡಿಯಿಂದ ಕುಚ್ಚಲಕ್ಕಿ ತಂದು ಉಣ್ಣುವುದೇ ಅಗ್ಗ. ಈಗ ಬೆಳೆ ಇಲ್ಲದೆ ಹಡಿಲು ಬಿದ್ದಿದೆ. ಗದ್ದೆ ಚೆಂದ ಅಂತ ಫೋಟೋ ತೆಗೆಯಲು ಬಂದವರು ತುಂಬ ಜನ, ಕಳೆ ಕೀಳಲು ಒಬ್ಬರೂ ಬರಲಿಲ್ಲ. ಮಾರಬೇಕು ಅಂದರೆ ಮಾತ್ರ ಊರಿಗೆಲ್ಲ ಗದ್ದೆಯ ಮೇಲೆ ಪ್ರೀತಿ ಹುಟ್ಟುತ್ತದೆ. ಒಂದು ಕೇಳುತ್ತೇನೆ ಅಕ್ಕ, ನಿಮ್ಮ ಮನೆ ನಿಂತಿರುವುದು ಎಂಥ ಜಾಗದಲ್ಲಿ?

ತೋಡಿನ ಬದಿ ಮನೆ:
ಸುಳ್ಳು ಹೇಳುವುದಿಲ್ಲ, ನಮ್ಮದೂ ಗದ್ದೆಯೇ. ಬೈಲಿಗಿಂತ ಸ್ವಲ್ಪ ಎತ್ತರದ ಮಜಲು ಗದ್ದೆ. ಮಾವನವರ ಕಾಲದಲ್ಲಿ ಕನ್ವರ್ಷನ್ ಮಾಡಿಸಿ ಕಟ್ಟಿದ ಮನೆ. ಆದರೆ 12 ಸೆಂಟ್ಸ್‌ನಲ್ಲಿ ಒಂದು ಮನೆ, ಬಾವಿ, ನಾಲ್ಕು ತೆಂಗಿನಮರ ಇರುವುದಕ್ಕೂ 80 ಸೆಂಟ್ಸ್‌ಗೆ ಪೂರ್ತಿ ಇಂಟರ್‌ಲಾಕ್ ಹಾಕುವುದಕ್ಕೂ ವ್ಯತ್ಯಾಸ ಇಲ್ವಾ?

ಸ್ಕೆಚ್ ಪೆನ್:
ನಾನು ಪ್ಲಾನ್ ಬರೆದು ಹೊಟ್ಟೆ ಹೊರೆಯುವವ, ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಇಲ್ಲಿ ಎಲ್ಲರೂ ಕನ್ವರ್ಷನ್, ವಲಯ ಬದಲಾವಣೆ, ಲೈಸೆನ್ಸ್ ಮೂರನ್ನೂ ಒಂದೇ ಪಾತ್ರೆಗೆ ಹಾಕುತ್ತಾರೆ. ಕನ್ವರ್ಷನ್ ಅಂದರೆ ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವುದು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ, ಅದು ಜಿಲ್ಲಾಧಿಕಾರಿ ಕಚೇರಿಯ ಬಾಬ್ತು. ಅಕ್ಕ ನೋಡಿದ ಪ್ರಕಟಣೆ ಬೇರೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೃಷಿಗೆ ಹಸಿರು ಬಣ್ಣ ಹಾಕಿರುತ್ತಾರಲ್ಲ, ಆ ಬಣ್ಣವನ್ನೇ ಬದಲಿಸುವುದು. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ, ಯೋಜನಾ ಪ್ರಾಧಿಕಾರ ಮಾಡಬೇಕು, ಸರ್ಕಾರದ ಪೂರ್ವಾನುಮತಿ ಬೇಕು. ಇವೆಲ್ಲ ಆದ ಮೇಲೆ ಕಟ್ಟಡದ ಲೈಸೆನ್ಸ್ ನಗರಸಭೆಯದ್ದು. ಹಾಗಾಗಿ ಕೌನ್ಸಿಲರ್ ಮನೆಗೆ ಹೋಗಿ ಜಗಳ ಮಾಡಿ ಪ್ರಯೋಜನ ಇಲ್ಲ, ಈ ಹಂತದಲ್ಲಿ ಫೈಲ್ ಅಲ್ಲಿಲ್ಲ.

ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪೇಪರಿನಲ್ಲಿ ಹಾಕಿ 15 ದಿನಕ್ಕೆ ಕಡಿಮೆ ಆಗದ ಹಾಗೆ ಸಮಯ ಕೊಡಬೇಕು ಅಂತ ಆ ಕಲಂನಲ್ಲೇ ಇದೆ. ದಿನ ಎಣಿಸುವುದು ಪ್ರಕಟಣೆ ಬಂದ ದಿನದಿಂದ, ನೀವು ಬಂಗುಡೆ ತಂದ ದಿನದಿಂದ ಅಲ್ಲ.

ಕೊಟ್ಟಾರದವ:
ಮಂಗಳೂರಿನಿಂದ ಬರೆಯುತ್ತಿದ್ದೇನೆ. 29 ಮೇ 2018, ಮಳೆಗಾಲ ಸರಿಯಾಗಿ ಶುರುವೂ ಆಗಿರಲಿಲ್ಲ. ಕೊಟ್ಟಾರ ಚೌಕಿಯಲ್ಲಿ ನನ್ನ ಸ್ಕೂಟರ್ ಸೀಟಿನವರೆಗೆ ಮುಳುಗಿತ್ತು. ಮೆಕ್ಯಾನಿಕ್ ಇಂಜಿನ್ ಬಿಚ್ಚಿದಾಗ ಅದರೊಳಗಿಂದ ಕೆಂಪು ಕೆಸರು ಬಂತು. ಕೆಸರು ಯಾಕೆ ಕೆಂಪು? ಮೇಲೆ ಎಲ್ಲೋ ಗುಡ್ಡೆ ಕಡಿದಿದ್ದಾರೆ, ಕೆಳಗೆ ಎಲ್ಲೋ ತುಂಬಿಸಿದ್ದಾರೆ, ಅದಕ್ಕೆ. ನಮ್ಮ ಕಡೆ ಬೆಟ್ಟು, ಅಂದರೆ ಎತ್ತರದ ಜಾಗ, ಒಂದು ಟಿಪ್ಪರ್‌ನಲ್ಲಿ ಹೊರಟು ಬೈಲಿಗೆ ಬಂದು ಬೀಳುತ್ತದೆ, ಒಂದೇ ಲೋಡಿನಲ್ಲಿ ಎರಡು ಜಾಗ ಹಾಳು. ಅಕ್ಕ, ಕಣ್ಣು ಮುಚ್ಚಿ ಆಕ್ಷೇಪ ಹಾಕಿ.

ಸಂಜೆ ಬನ್ಸ್:
ನಮ್ಮ ಹಿರಿಯರು ಮಾಸ್ಟರ್ ಪ್ಲಾನನ್ನು ಊರಿನ ಹೆಸರಿನಲ್ಲೇ ಬರೆದಿಟ್ಟಿದ್ದಾರೆ ಮಾರಾಯ್ರೆ. ಕುಂಜಿಬೆಟ್ಟು, ದೊಡ್ಡಣಗುಡ್ಡೆ ಅಂದರೆ ಮೇಲೆ. ಬೈಲಕೆರೆ, ಗುಂಡಿಬೈಲು ಅಂದರೆ ಕೆಳಗೆ. ಕಲ್ಸಂಕ ಅಂದರೆ ಅಲ್ಲೊಂದು ಕಲ್ಲಿನ ಸಂಕ, ಸಂಕ ಅಂದರೆ ಅಡಿಯಲ್ಲಿ ನೀರು. ಗುಂಡಿಯೂ ಹೌದು, ಬೈಲೂ ಹೌದು, ಅಂಥ ಕಡೆ ನೀರು ಯಾಕೆ ನಿಲ್ಲುತ್ತದೆ ಅಂತ ಮೀಟಿಂಗ್ ಕರೆದರೆ ಎಂತ ಹೇಳುವುದು.

ಹಡಿಲು ಗದ್ದೆ:
ಮಠದಬೆಟ್ಟುವಿಗೂ ನೀರು ಬರುತ್ತದಲ್ಲ, ಅದಕ್ಕೆ ಎಂತ ಹೇಳುತ್ತೀರಿ?

ಸಂಜೆ ಬನ್ಸ್:
ಅದು ಹಿರಿಯರ ಪ್ರಿಂಟಿಂಗ್ ಮಿಸ್ಟೇಕ್ 😄

ಹತ್ತು ಸೆಂಟ್ಸ್:
ನೀವೆಲ್ಲ 80 ಸೆಂಟ್ಸ್ ಮಾತಾಡುತ್ತಿದ್ದೀರಿ, ನನ್ನದು ಕೇಳಿ. ಪಂಚಾಯತ್ ವ್ಯಾಪ್ತಿಯಲ್ಲಿ 10 ಸೆಂಟ್ಸ್ ಜಾಗ, ಕನ್ವರ್ಷನ್ ಆಗಿದೆ, ಒಂದು ಮನೆ ಕಟ್ಟಬೇಕು, ಅಷ್ಟೇ. ಬ್ಯಾಂಕ್ ಲೋನಿಗೆ ನೈನ್-ಇಲೆವೆನ್ ಬೇಕು, ಪಂಚಾಯತ್ ಕೊಡುವ ಆಸ್ತಿ ದಾಖಲೆ. ಪಂಚಾಯತ್‌ನವರು ನಮೂನೆ 9, 11 ಕೊಡಬೇಕಾದರೆ ಮೊದಲು ಏಕ ನಿವೇಶನ ನಕ್ಷೆಗೆ ಅನುಮೋದನೆ ತನ್ನಿ ಅಂದರು. ಅದಕ್ಕೆ ಯೋಜನಾ ಪ್ರಾಧಿಕಾರಕ್ಕೆ ಹೋದರೆ ರಸ್ತೆ ಅಗಲ ಸಾಲದು ಅಂದರು. ಆ ರಸ್ತೆ ನನ್ನ ಅಜ್ಜಿ ಮದುವೆಯಾಗಿ ಬಂದಾಗಲೂ ಅಷ್ಟೇ ಅಗಲ ಇತ್ತು! ಎಂಟು ತಿಂಗಳು ಅಲೆದೆ, ಇನ್ನೂ ಬಾಡಿಗೆ ಮನೆ. ದೊಡ್ಡವರ ಗದ್ದೆಯ ಬಣ್ಣ ಬದಲಾಗುವಾಗ ಯಾವ ರಸ್ತೆಯೂ ಕಿರಿದಾಗುವುದಿಲ್ಲ. ಹಾಗಾಗಿ ನಿಯಮ ಜಾಸ್ತಿ ಮಾಡಿ ಅಂತ ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಿಯಮ ಜಾಸ್ತಿ ಆದಷ್ಟೂ ನಮ್ಮಂಥವರೇ ಸಿಕ್ಕಿ ಬೀಳುವುದು.

ಸ್ಕೆಚ್ ಪೆನ್:
ಇದನ್ನು ಅಲ್ಲಗಳೆಯಲು ನನ್ನಿಂದ ಆಗುವುದಿಲ್ಲ. ನನ್ನ ಮೇಜಿನ ಮೇಲೆ ಇಂಥ ಫೈಲ್ ರಾಶಿ ಇದೆ.

ಕರಿಕೋಟು:
ಊರವರಿಗೆ ಕೇಳಲು ಎಂತ ಹಕ್ಕು ಅಂತ ಕೆಲವರಿಗೆ ಅನಿಸಬಹುದು. ಬೆಂಗಳೂರಿನದ್ದೇ ಒಂದು ಹಳೆಯ ಕೇಸು ಇದೆ, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ, 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳೇ ಕೋರ್ಟಿಗೆ ಹೋದರು, ಅವರಿಗೆ ಆ ಹಕ್ಕಿದೆ ಅಂತಲೂ ಪಾರ್ಕ್ ಜಾಗ ಹಾಗೆ ಕೊಡುವಂತಿಲ್ಲ ಅಂತಲೂ ತೀರ್ಪು ಬಂತು. ಅಕ್ಕ ಧೈರ್ಯವಾಗಿ ಬರೆಯಬಹುದು.

ಹಡಿಲು ಗದ್ದೆ:
ವಕೀಲರೇ, ಅದು ಪಾರ್ಕಿನ ಜಾಗ, ಎಲ್ಲರದ್ದು. ಇದು ಪಟ್ಟಾ ಜಾಗ, ತೀರ್ವೆ ಕಟ್ಟುವವನು ಒಬ್ಬ. ನನ್ನ ಗದ್ದೆ ನಿಮ್ಮ ಅಂಗಳದ ನೀರು ಕುಡಿಯಲಿ ಅಂತ ಇಟ್ಟದ್ದಾ? ಹಾಗಿದ್ದರೆ ನೀರು ಕುಡಿದದ್ದಕ್ಕೆ ವರ್ಷಕ್ಕೆ ಇಷ್ಟು ಅಂತ ನನಗೆ ಕೊಡಿ, ನಾನು ಮಾರುವುದೇ ಇಲ್ಲ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ಆಯಿತು, ಊರವರೆಲ್ಲ ಇಳಿದು ನೇಜಿ ನೆಟ್ಟರು, ಆ ಅಕ್ಕಿ ಮಾರಾಟಕ್ಕೂ ಬಂತು. ಒಳ್ಳೆಯ ಕೆಲಸವೇ, ನಾನು ಬೈಯುವುದಿಲ್ಲ. ಆದರೆ ಪ್ರತಿ ವರ್ಷ ಜೂನ್‌ನಲ್ಲಿ ಯಾರು ಇಳಿಯುತ್ತಾರೆ ಹೇಳಿ.

ಕರಿಕೋಟು:
ಪಟ್ಟಾ ಜಾಗಕ್ಕೆ ಅದೇ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ, ಒಪ್ಪಿದೆ. ನಾನು ಹೇಳಿದ್ದು ನೆರೆಯವರು ಬಾಯಿ ತೆರೆಯಬಹುದಾ ಅನ್ನುವ ಪ್ರಶ್ನೆಗೆ ಮಾತ್ರ.

ಕೊಟ್ಟಾರದವ:
ನೀರು ಕುಡಿದದ್ದಕ್ಕೆ ಬಾಡಿಗೆ! ಈ ಮಾತು ತಮಾಷೆಗೆ ಹೇಳಿದ್ದಾದರೂ ನನಗೆ ಸರಿ ಅನಿಸುತ್ತದೆ ಅಣ್ಣ.

ಸ್ಕೆಚ್ ಪೆನ್:
ಎಷ್ಟು ಕುಡಿಯುತ್ತದೆ ಅಂತ ನೋಡೋಣ. 80 ಸೆಂಟ್ಸ್ ಅಂದರೆ ಸುಮಾರು 3,240 ಚದರ ಮೀಟರ್. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ 10 ಸೆಂಟಿಮೀಟರ್ ಮಳೆ ನಮಗೆ ದೊಡ್ಡ ವಿಷಯ ಅಲ್ಲ. ಅಷ್ಟು ಮಳೆಗೆ ಆ ಗದ್ದೆಯ ಮೇಲೆ ಬೀಳುವುದೇ 3 ಲಕ್ಷ 24 ಸಾವಿರ ಲೀಟರ್, 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 27 ಟ್ಯಾಂಕರ್. ಗುಡ್ಡೆಯಿಂದ ಇಳಿದು ಬರುವುದು ಇದರ ಮೇಲೆ. ಗದ್ದೆಯ ಹುಣಿ (ಬದು) ಇದ್ದರೆ ಇದೆಲ್ಲ ಅಲ್ಲೇ ನಿಂತು ನಿಧಾನ ತೋಡಿಗೆ (ನೀರು ಹರಿಯುವ ಕಾಲುವೆಗೆ) ಹೋಗುತ್ತದೆ, ಬಾವಿಗೂ ಇಳಿಯುತ್ತದೆ. ಇಂಟರ್‌ಲಾಕ್ ಹಾಕಿದರೆ ಗಂಟೆಯೊಳಗೆ ಪಕ್ಕದ ಮನೆಗೆ.

ಹಾಗಂತ ಬರೀ "ಗದ್ದೆ ಉಳಿಸಿ" ಅಂತ ಬರೆದು ಕೊಟ್ಟರೆ ಅದು ಫೈಲಿನಲ್ಲಿ ಕೂತಿರುತ್ತದೆ, ಅಷ್ಟೇ. ತೋಡಿನ ಬಗ್ಗೆ ಬರೆಯಿರಿ. ಸರ್ವೆ ನಂಬರ್ ಹಾಕಿ, ಗ್ರಾಮ ನಕ್ಷೆಯಲ್ಲಿ ತೋಡು ಎಲ್ಲಿ ಹೋಗುತ್ತದೆ ನೋಡಿ, ಸರ್ವೆ ಸ್ಕೆಚ್‌ನ ನಕಲು ತೆಗೆಸಿ, ಅಗಲ ಎಷ್ಟಿದೆ, ಈಗ ಜಾಗದಲ್ಲಿ ಎಷ್ಟಿದೆ ಅಂತ ಅಳೆದು ಬರೆಯಿರಿ. 2020ರ ನೀರಿನ ಫೋಟೋ ಇದ್ದರೆ ಲಗತ್ತಿಸಿ. ಬದಲಾವಣೆ ಮಾಡುವುದೇ ಆದರೆ ತೋಡಿನ ಅಗಲ ಕಡಿಮೆ ಆಗಬಾರದು, ಪೈಪ್ ಹಾಕಿ ಮುಚ್ಚಬಾರದು, ಗದ್ದೆಯ ಮಟ್ಟ ಇಷ್ಟಕ್ಕಿಂತ ಎತ್ತರಿಸಬಾರದು ಅಂತ ಷರತ್ತು ಕೇಳಿ. ಎರಡು ಅಡಿಯ ಪೈಪಿನಲ್ಲಿ ತೋಡನ್ನು ತುರುಕುವುದೇ ನಮ್ಮೂರಿನ ಅರ್ಧ ನೆರೆಗೆ ಕಾರಣ ಅಂತ ನನ್ನ ಅಭಿಪ್ರಾಯ.

ಹಡಿಲು ಗದ್ದೆ:
ಇದಕ್ಕೆ ನನ್ನ ಒಪ್ಪಿಗೆ ಉಂಟು. ಮಾರಬೇಡ ಅನ್ನುವವರ ಜೊತೆ ನಾನಿಲ್ಲ, ತೋಡು ಮುಚ್ಚಬೇಡ ಅನ್ನುವವರ ಜೊತೆ ಇದ್ದೇನೆ. ತೋಡು ಮುಚ್ಚಿದರೆ ಹಡಿಲು ಬಿದ್ದ ನನ್ನ ಗದ್ದೆಯೂ ಕೆರೆ ಆಗುತ್ತದೆ.

ಹತ್ತು ಸೆಂಟ್ಸ್:
ಷರತ್ತು ಕಾಗದದಲ್ಲಿ ಇರುತ್ತದೆ. ನೋಡಲು ಯಾರು ಬರುತ್ತಾರೆ?

ಸ್ಕೆಚ್ ಪೆನ್:
ಪಕ್ಕದ ಮನೆಯವರೇ ನೋಡಬೇಕು. ಕಾಗದದಲ್ಲಿ ಇದ್ದರೆ ನಾಳೆ ತೋರಿಸಿ ಕೇಳಬಹುದು, ಇಲ್ಲದಿದ್ದರೆ ಅದೂ ಇಲ್ಲ.

ತೋಡಿನ ಬದಿ ಮನೆ:
ನಾಲ್ಕು ದಿನ ಇತ್ತ ಬರಲಿಲ್ಲ, ಕ್ಷಮಿಸಿ. ಗ್ರಾಮ ನಕ್ಷೆಯೂ ಸಿಕ್ಕಿತು, ಸರ್ವೆ ಸ್ಕೆಚ್ ನಕಲೂ ಸಿಕ್ಕಿತು. ತೋಡು 3 ಮೀಟರ್ ಅಗಲ ಅಂತ ಇದೆ. ಮಗನನ್ನು ಆಚೆ ದಡದಲ್ಲಿ ನಿಲ್ಲಿಸಿ ಟೇಪ್ ಹಿಡಿದೆವು. ಗದ್ದೆಯ ಬದಿಯಲ್ಲಿ ಸರಿಯಾಗಿ 3 ಮೀಟರ್ ಬಂತು. ನಮ್ಮ ಕಂಪೌಂಡಿನ ಹತ್ತಿರ 2 ಮೀಟರ್ 10 ಸೆಂಟಿಮೀಟರ್. ಮಗ ಇನ್ನೊಂದು ಸಲ ಅಳೆಯೋಣ ಅಂದ, ಅಳೆದೆವು, ಅಷ್ಟೇ ಬಂತು. ಬಾಕಿ 90 ಸೆಂಟಿಮೀಟರ್ ಎಲ್ಲಿಗೆ ಹೋಯಿತು ಅಂತ ನೀವೇ ಊಹಿಸಿ. ಮಾವನವರು ಕಟ್ಟಿಸಿದ ಕೆಂಪುಕಲ್ಲಿನ ಗೋಡೆ, ಅದರ ಬುಡದಲ್ಲಿ ನಾನೇ ನೆಟ್ಟ ಅಬ್ಬಲಿಗೆ. ಯಜಮಾನರು ಒಂದೇ ಮಾತು ಹೇಳಿದರು, "ನಾನು ಮೊದಲೇ ಹೇಳಿದ್ದೆ" ಅಂತ.

ಸಂಜೆ ಬನ್ಸ್:
ಅಯ್ಯೋ ದೇವರೇ.

ಹಡಿಲು ಗದ್ದೆ:
ನಗುವುದಿಲ್ಲ ಅಕ್ಕ, ಆಣೆ. ಇದನ್ನು ಇಲ್ಲಿ ಬರೆಯಲು ಧೈರ್ಯ ಬೇಕು. ನನ್ನ ಗದ್ದೆಯ ಹತ್ತಿರವೂ ನಾಳೆ ಒಂದು ಟೇಪ್ ಹಿಡಿಯಬೇಕು ಅನಿಸುತ್ತಿದೆ. ನಾಡಿದ್ದು ಹಿಡಿಯುತ್ತೇನೆ.

ಕೊಟ್ಟಾರದವ:
ಅರ್ಜಿಯಲ್ಲಿ ಆ ಒಂದು ಅಳತೆ ಬಿಟ್ಟು ಬಿಡಿ, ಯಾರು ನೋಡುತ್ತಾರೆ.

ಸ್ಕೆಚ್ ಪೆನ್:
ಬಿಡಬೇಡಿ. ಆಚೆಯವರು ಸರ್ವೇಯರ್ ಕರೆದುಕೊಂಡು ಬಂದ ದಿನ ಅದೇ ಮೊದಲು ಹೊರಗೆ ಬರುವುದು.

ತೋಡಿನ ಬದಿ ಮನೆ:
ಬಿಡಲಿಲ್ಲ. ಎರಡೂ ಅಳತೆ ಬರೆದು, ನಮ್ಮ ಕಡೆಯದ್ದನ್ನು ನಾವೇ ಸರಿ ಮಾಡುತ್ತೇವೆ ಅಂತ ಒಂದು ಸಾಲು ಸೇರಿಸಿ, ತುಳಸಿಕಟ್ಟೆಯ ಫೋಟೋ ಇಟ್ಟು ಇವತ್ತು ಪ್ರಾಧಿಕಾರದ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟೆ. ಇನ್ನೂ 4 ದಿನ ಬಾಕಿ ಇತ್ತು. ಎರಡು ಪ್ರತಿ ತೆಗೆದುಕೊಂಡು ಹೋಗಿದ್ದೆ, ಒಂದಕ್ಕೆ ಸೀಲು ಹಾಕಿಸಿಕೊಂಡು ಬಂದೆ. ಮೇಸ್ತ್ರಿ ಗೋಡೆ ನೋಡಿ ಹೋಗಿದ್ದಾನೆ, ಕಲ್ಲು ಒಡೆಯದ ಹಾಗೆ ತೆಗೆದರೆ ಪುನಃ ಅದನ್ನೇ ಕಟ್ಟಬಹುದಂತೆ. ಯಜಮಾನರು ಮಳೆಗಾಲ ಕಳೆಯಲಿ ಅನ್ನುತ್ತಾರೆ. ಅಬ್ಬಲಿಗೆ ಗಿಡ ಮಾತ್ರ ನಿನ್ನೆಯೇ ಕಿತ್ತು ಚಟ್ಟಿಗೆ ಹಾಕಿದ್ದೇನೆ.