ಮಷಿನ್‌ಗೆ ಸಾಲ ಮಾಡೋದಾ ಬೇಡ್ವಾ? ಸಣ್ಣ ತೋಟ, ಸಣ್ಣ ಆಹಾರ ಘಟಕದವರ ಪ್ರಶ್ನೆಗಳು

ಪ್ರಶ್ನೆ: ಸರ್, ನಮ್ಮದು ಸಣ್ಣ ಹಣ್ಣಿನ ತೋಟ. ಜೊತೆಗೆ ಜಾಮ್, ಹಣ್ಣಿನ ರಸ ಮಾಡಿ ಅಂಗಡಿಗಳಿಗೆ ಕೊಡುತ್ತೇವೆ. ನಾನು, ನಮ್ಮ ಯಜಮಾನರು ಇಬ್ಬರೇ, ಸೀಸನ್‌ನಲ್ಲಿ ಮಾತ್ರ ಆಳು ಕರೆಯುತ್ತೇವೆ. ದೊಡ್ಡ ಮಷಿನ್‌ಗೆ ಅರ್ಧ ದುಡ್ಡು ಸಬ್ಸಿಡಿ ಸಿಗುತ್ತದೆ, ಉಳಿದ ಅರ್ಧ ಸಾಲ ಮಾಡಿ ಅಂತ ಒಬ್ಬರು ಹೇಳಿದರು. ಮಾಲು ಚೆನ್ನಾಗೇ ಹೋಗುತ್ತಿದೆ, ಆದರೆ ಕೈಯಲ್ಲಿ ದುಡ್ಡೇ ನಿಲ್ಲುತ್ತಿಲ್ಲ. ಮಷಿನ್ ಬಂದರೆ ಸರಿಹೋಗುತ್ತದಾ? ನೀವು ಇಂಥ ಸಾಲದ ಅರ್ಜಿಗಳನ್ನೇ ನೋಡುವವರು, ನೇರವಾಗಿ ಹೇಳಿ.

ಉತ್ತರ: ಮೇಡಂ, ಮಷಿನ್ ವಿಷಯ ಸ್ವಲ್ಪ ಪಕ್ಕಕ್ಕಿಡಿ. ಮಾಲು ಹೋಗುತ್ತಿದೆ, ದುಡ್ಡು ನಿಲ್ಲುತ್ತಿಲ್ಲ ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ. ಒಂದೋ ನೀವು ಹಾಕಿರುವ ರೇಟು ಸಾಲುತ್ತಿಲ್ಲ, ಇಲ್ಲಾ ದುಡ್ಡು ದಾಸ್ತಾನು ಮತ್ತು ಉದ್ರಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಎರಡಕ್ಕೂ ಮಷಿನ್ ಮದ್ದಲ್ಲ. ಒಂದು ಬಾಟಲಿಗೆ ಎಷ್ಟು ಖರ್ಚು ಬರುತ್ತದೆ, ಅಂಗಡಿಯವರು ಎಷ್ಟು ಕಮಿಷನ್ ಹಿಡಿಯುತ್ತಾರೆ, ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ, ಇಷ್ಟು ಬರೆಯಿರಿ.

ಪ್ರಶ್ನೆ: ಖರ್ಚನ್ನು 100 ಅಂತ ಇಟ್ಟುಕೊಂಡರೆ ಅದರ ಮೇಲೆ 25 ಲಾಭ ಸೇರಿಸಿ 125ಕ್ಕೆ ರೇಟು ಹಾಕಿದ್ದೇವೆ. ಅಂಗಡಿಯವರು ಮಾರಿದ ಬೆಲೆಯಲ್ಲಿ ನೂರಕ್ಕೆ 30 ಹಿಡಿಯುತ್ತಾರೆ. ದುಡ್ಡು ಬರೋದು ಒಂದೂವರೆ ತಿಂಗಳಿಗೆ. ಮಾಡಿಟ್ಟ ಮಾಲು ಖಾಲಿಯಾಗೋಕೆ ಸರಾಸರಿ ಮೂರು ತಿಂಗಳು ಬೇಕು. ಬಾಟಲಿಯವರು ನಮಗೆ ಹದಿನೈದು ದಿನ ಟೈಮ್ ಕೊಡುತ್ತಾರೆ, ಬಾಕಿ ಎಲ್ಲಾ ಕೈಯಿಂದಲೇ.

ಉತ್ತರ: ಇಲ್ಲೇ ಸಿಕ್ಕಿತು ನೋಡಿ. 125ರಲ್ಲಿ ನೂರಕ್ಕೆ 30 ಅಂದರೆ 37.50 ಹೋಯಿತು. ನಿಮ್ಮ ಕೈಗೆ ಬಂದದ್ದು 87.50. ಖರ್ಚು 100. ಪ್ರತಿ ಬಾಟಲಿಗೂ 12.50 ನೀವೇ ಕೈಯಿಂದ ಹಾಕಿ ಮಾರುತ್ತಿದ್ದೀರಿ. ನೀವು ಲಾಭವನ್ನು ಖರ್ಚಿನ ಮೇಲೆ ಲೆಕ್ಕ ಹಾಕುತ್ತೀರಿ, ಅಂಗಡಿಯವರು ಕಮಿಷನ್ನನ್ನು ಮಾರುವ ಬೆಲೆಯ ಮೇಲೆ ಹಿಡಿಯುತ್ತಾರೆ. ಅದಕ್ಕೇ ಹೊಂದುತ್ತಿಲ್ಲ. ಮಾರುವ ಬೆಲೆಯ ನೂರರಲ್ಲಿ ಅಂಗಡಿಗೆ 30, ನಿಮಗೆ 15 ಉಳಿಯಬೇಕು ಅಂದರೆ ಖರ್ಚಿಗೆ ಉಳಿಯೋದು 55. ಹಾಗಾಗಿ ನಿಮ್ಮ ಖರ್ಚಾದ 100ನ್ನು 0.55ರಿಂದ ಭಾಗಿಸಿ, ಸುಮಾರು 182 ಬರುತ್ತದೆ. ಆ ರೇಟಿಗೆ ಗಿರಾಕಿ ತಗೊಳ್ಳಲ್ಲ ಅನ್ನಿಸಿದರೆ ಮೂರೇ ದಾರಿ: ಖರ್ಚು ಇಳಿಸಿ, ನೇರವಾಗಿ ಮಾರುವ ಪಾಲು ಹೆಚ್ಚಿಸಿ, ಇಲ್ಲಾ ಆ ಅಂಗಡಿ ಬಿಡಿ. ಇದೇ ರೇಟಿನಲ್ಲಿ ಮಷಿನ್ ತಂದು ಜಾಸ್ತಿ ಮಾಡಿದರೆ, ಪ್ರತಿ ಬಾಟಲಿಯ ಖರ್ಚು ನಿಜವಾಗಿಯೂ ಇಳಿಯದ ಹೊರತು, ನಷ್ಟ ಜಾಸ್ತಿಯಾಗುತ್ತದೆ ಅಷ್ಟೇ.

ಇನ್ನೊಂದು ಮಾತು. ಆ 100ರಲ್ಲಿ ನಿಮ್ಮಿಬ್ಬರ ಕೂಲಿ ಸೇರಿದೆಯಾ? ತೋಟದ ಹಣ್ಣಿಗೆ ಬೆಲೆ ಹಿಡಿದಿದ್ದೀರಾ? ನಮ್ಮ ಹಣ್ಣು ಅಲ್ವಾ ಅಂತ ಸುಮ್ನೆ ಬಿಡಬೇಡಿ. ಹಾಗೇ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನು ಖರ್ಚಿಗೆ ಸೇರಿಸಿ. ಮನೆಯವರ ದುಡಿಮೆಗೆ ಸೊನ್ನೆ ಬರೆದು ಲಾಭ ತೋರಿಸುವ ಲೆಕ್ಕ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೆಚ್ಚಾಗಿ ಹೀಗೆ ಲೆಕ್ಕಕ್ಕೆ ಬಾರದೆ ಹೋಗೋದು ಹೆಂಗಸರ ದುಡಿಮೆಯೇ.

ಈಗ ಸಿಕ್ಕಿಹಾಕಿಕೊಂಡ ದುಡ್ಡು. ಮಾಲು 90 ದಿನ ಕೂರುತ್ತದೆ, ಅಂಗಡಿಯವರು 45 ದಿನಕ್ಕೆ ಕೊಡುತ್ತಾರೆ, ಒಟ್ಟು 135. ಬಾಟಲಿಯವರ 15 ದಿನ ಕಳೆದರೆ 120. ಅಂದರೆ ವರ್ಷದ ಖರ್ಚಿನ ಸುಮಾರು ಮೂರನೇ ಒಂದು ಪಾಲು ಯಾವಾಗಲೂ ಹೊರಗೇ ಇರುತ್ತದೆ. ಬಾಟಲಿಯವರದ್ದು ಖರ್ಚಿನ ಒಂದು ಭಾಗ ಮಾತ್ರ, ಹಾಗಾಗಿ ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ. ರೇಟು ಸರಿಮಾಡಿದ ಮೇಲೆ ನಿಮಗೆ ಮೊದಲು ಬೇಕಾಗಿರೋದು ಈ ಓಡಾಟದ ದುಡ್ಡಿಗೆ ಬ್ಯಾಂಕಿನಿಂದ ಒಂದು ಸಾಲದ ಲಿಮಿಟ್. ಬೇಕಾದಾಗ ತೆಗೆದು, ಬಂದಾಗ ಕಟ್ಟಿ, ತೆಗೆದಷ್ಟಕ್ಕೆ ಮಾತ್ರ ಬಡ್ಡಿ ಕೊಡುವಂಥದ್ದು. ಹಣ್ಣು, ಬಾಟಲಿಗೆ ಐದು ವರ್ಷದ ಸಾಲ ಮಾಡಬೇಡಿ. ಆ ಜಾಮ್ ತಿಂದು ಮುಗಿದು ವರ್ಷಗಳಾದ ಮೇಲೂ ಕಂತು ಕಟ್ಟುತ್ತಿರುತ್ತೀರಿ. ಹಾಗೇ ಮಷಿನ್‌ಗೆ ಆರು ತಿಂಗಳ ಸಾಲವೂ ಬೇಡ, ಅದು ಅಷ್ಟು ಬೇಗ ದುಡಿದು ಕೊಡಲ್ಲ.

ಪ್ರಶ್ನೆ: ಅಯ್ಯೋ, 87.50 ನೋಡಿ ಎದೆ ಧಸಕ್ ಅಂತು ಸರ್. ಹಾಗಾದರೆ ಸಬ್ಸಿಡಿ ಬಿಟ್ಟೇ ಬಿಡೋದಾ?

ಉತ್ತರ: ಬಿಡಬೇಡಿ, ಆದರೆ ಅದನ್ನು ನಂಬಿಕೊಂಡು ಹೊರಡಬೇಡಿ. ಬಹಳಷ್ಟು ಯೋಜನೆಗಳಲ್ಲಿ ಪೂರ್ತಿ ದುಡ್ಡು ಮೊದಲು ನೀವೇ ಕೊಡಬೇಕು. ಬಿಲ್ಲು ತೋರಿಸಿ, ಅವರು ಬಂದು ಮಷಿನ್ ನೋಡಿ, ಆಮೇಲೆ ಸಬ್ಸಿಡಿ ಖಾತೆಗೆ ಬರುತ್ತದೆ. ಅಲ್ಲಿಯವರೆಗಿನ ಬಡ್ಡಿ ನಿಮ್ಮದೇ. ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಆರ್ಡರ್ ಕೊಟ್ಟರೆ ಅರ್ಜಿಯೇ ಬಿದ್ದುಹೋಗುವ ನಿಯಮವೂ ಸುಮಾರು ಕಡೆ ಇದೆ, ಅದನ್ನು ಮೊದಲೇ ಕೇಳಿಕೊಳ್ಳಿ. ನಾನು ಎಲ್ಲರಿಗೂ ಹೇಳುವುದು ಒಂದೇ: ಸಬ್ಸಿಡಿ ಸಿಗದಿದ್ದರೂ ಈ ಮಷಿನ್ ತಗೊಳ್ಳುತ್ತಿದ್ದೆವಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನುವುದಾದರೆ ಬೇರೆಯವರ ಘಟಕದಲ್ಲಿ ಬಾಡಿಗೆಗೆ ಒಂದು ಸೀಸನ್ ಮಾಡಿಸಿ ನೋಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನನಗೆ ಒಬ್ಬರು ನೂರಕ್ಕೆ 12 ಫ್ಲಾಟ್ ಬಡ್ಡಿ ಅಂತಾರೆ, ಇನ್ನೊಬ್ಬರು 16, ಉಳಿದ ಅಸಲಿನ ಮೇಲೆ ಅಂತಾರೆ. ಒಂದು ವರ್ಷದ ಸಾಲ, ತಿಂಗಳ ಕಂತು. 12 ತಗೊಳ್ಳಲಾ?

ಉತ್ತರ: 16ರದ್ದೇ ಅಗ್ಗ. ಫ್ಲಾಟ್ ಅಂದರೆ ನೀವು ಕಂತು ಕಟ್ಟುತ್ತಾ ಅಸಲು ಇಳಿಸಿದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಬಡ್ಡಿ. ವರ್ಷದಲ್ಲಿ ಸರಾಸರಿ ನಿಮ್ಮ ಕೈಯಲ್ಲಿ ಇರೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು ಮಾತ್ರ. ಅದಕ್ಕೇ ಆ 12 ನಿಜದಲ್ಲಿ 21ರಿಂದ 22ರ ಹತ್ತಿರ ಬೀಳುತ್ತದೆ. ಪ್ರೊಸೆಸಿಂಗ್ ಫೀಸು, ವಿಮೆ ಸೇರಿಸಿ ಒಟ್ಟು ಎಷ್ಟು ಕಟ್ಟಬೇಕು ಅಂತ ಇಬ್ಬರ ಹತ್ತಿರವೂ ಬರೆಸಿಕೊಳ್ಳಿ. ಬೆಳೆ ಕೈಗೆ ಬರುವ ತಿಂಗಳುಗಳಲ್ಲಿ ದೊಡ್ಡ ಕಂತು, ಉಳಿದ ತಿಂಗಳು ಬರೀ ಬಡ್ಡಿ, ಹೀಗೆ ಮಾಡಿಕೊಡುತ್ತಾರಾ ಅಂತಲೂ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ.

ಪ್ರಶ್ನೆ: ಗ್ಯಾರಂಟಿ ಫಂಡ್ ಇರುವ ಸಾಲ ಅಂದರೆ ನಮಗೆ ನಷ್ಟವಾದರೆ ಅವರೇ ಕಟ್ಟುತ್ತಾರಾ?

ಉತ್ತರ: ಇಲ್ಲ. ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ನೀವು ಕಟ್ಟದಿದ್ದರೆ ಬ್ಯಾಂಕಿನ ನಷ್ಟದಲ್ಲಿ ಒಂದು ಪಾಲು ಫಂಡ್ ತುಂಬಿಕೊಡುತ್ತದೆ. ನಿಮ್ಮ ಸಾಲ ನಿಮ್ಮ ತಲೆ ಮೇಲೇ ಇರುತ್ತದೆ. ಉಪಯೋಗ ಏನೆಂದರೆ, ಜಮೀನು ಅಡಮಾನ ಇಡದೆಯೂ ಸಾಲ ಸಿಗಬಹುದು. ಅದೇನೂ ಸಣ್ಣ ಉಪಯೋಗವಲ್ಲ.

ಇನ್ನೊಬ್ಬರ ಪ್ರಶ್ನೆ: ನಾವು ತರಕಾರಿ ಬೆಳೆಯುತ್ತೇವೆ. ಸಾಲವೇ ಬೇಡ, ಗಿರಾಕಿಗಳ ಹತ್ತಿರವೇ ಮುಂಗಡ ತಗೊಂಡರೆ ಹೇಗಣ್ಣ?

ಉತ್ತರ: ಒಳ್ಳೆಯ ದಾರಿ. ಜಪಾನಿನಲ್ಲಿ 1970ರ ದಶಕದಲ್ಲಿ 'ತೇಕೇ' ಅಂತ ಊಟ ಮಾಡುವವರೂ ಬೆಳೆಯುವವರೂ ನೇರ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಇಂಥ ಮೊದಲ ಎರಡು ತೋಟಗಳು ಸೀಸನ್ ಮುಂಚೆಯೇ ಗಿರಾಕಿಗಳನ್ನು ಬರುವ ಬೆಳೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡು ಶುರುಮಾಡಿದವು. ಬಿತ್ತನೆ ಹೊತ್ತಿಗೆ ದುಡ್ಡು ಬರುತ್ತದೆ, ಬಡ್ಡಿ ಇಲ್ಲ, ಬೆಳೆ ಕಮ್ಮಿಯಾದರೆ ಎಲ್ಲರಿಗೂ ಕಮ್ಮಿ. ಆದರೆ ಈ ಕೊನೆಯದನ್ನು ದುಡ್ಡು ತಗೊಳ್ಳುವ ದಿನವೇ ಬಾಯಿಬಿಟ್ಟು ಹೇಳಿ, ಕಾಗದದಲ್ಲೂ ಬರೆಯಿರಿ. ಬಂದ ದುಡ್ಡನ್ನು ಬೇರೆ ಖಾತೆಯಲ್ಲಿಡಿ, ತಿಂಗಳು ತಿಂಗಳು ಇಷ್ಟಿಷ್ಟೇ ತೆಗೆಯಿರಿ. ಇಲ್ಲದಿದ್ದರೆ ಕೊಯ್ಲಿನ ಹೊತ್ತಿಗೆ ಆಳಿನ ಕೂಲಿಗೆ ಮತ್ತೆ ಸಾಲ ಹುಡುಕಬೇಕಾಗುತ್ತದೆ. ಮೊದಲ ವರ್ಷ ಬರಬಹುದಾದ ಬೆಳೆಯಲ್ಲಿ ಅರ್ಧಕ್ಕಷ್ಟೇ ಪಾಲು ಮಾರಿ, ಬಾಕಿ ಅರ್ಧ ಈಗ ಮಾರುವ ಕಡೆಯೇ ಮಾರಿ.