ಲೆಚ್‌ವರ್ತ್ ಪಾರ್ಕಿಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ? ಅಲ್ಲಿನ ಇತಿಹಾಸ ಬಲ್ಲವರು ತಿಳಿಸಿ

ಸಾಗರದ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಕ್ಟೋಬರ್ ಎರಡನೆಯ ವಾರ ಅವರನ್ನು ನಯಾಗರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಬರುವಾಗ ಒಂದು ದಿನ ಬಿಡುವಿದೆ. ನ್ಯೂಯಾರ್ಕ್ ರಾಜ್ಯದ ಪಾರ್ಕುಗಳಲ್ಲಿ ವಾಟ್ಕಿನ್ಸ್ ಗ್ಲೆನ್ ಒಳ್ಳೆಯದು ಎಂದು ಕೆಲವರು, ಲೆಚ್‌ವರ್ತ್ ಒಳ್ಳೆಯದು ಎಂದು ಕೆಲವರು ಹೇಳುತ್ತಿದ್ದಾರೆ.

ಅಮ್ಮನಿಗೆ ಮೊಣಕಾಲು ನೋವು. ಸಮತಟ್ಟಾದ ಜಾಗವಾದರೆ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಯಾವ ಜಾಗಕ್ಕೆ ಹೋದರೂ ಮೊದಲು ಕೇಳುವುದು, "ಇದು ಮುಂಚೆ ಯಾರದ್ದಾಗಿತ್ತು?" ಎಂದು. ಈ ಸಲ ಅವರು ಕೇಳುವುದಕ್ಕೆ ಮೊದಲೇ ನಾನು ತಿಳಿದುಕೊಂಡಿರಬೇಕು ಎಂಬ ಆಸೆ. ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೊಡಚಾದ್ರಿ ಗಾಳಿ ಬರೆದದ್ದು:

ವಾಟ್ಕಿನ್ಸ್ ಗ್ಲೆನ್ ನನಗೆ ಪ್ರಾಣ. ಎರಡು ಮೈಲಿಯೂ ಇಲ್ಲದ ಕಂದರದಲ್ಲಿ 19 ಜಲಪಾತಗಳಿವೆ, ಒಂದೆರಡರ ಹಿಂಬದಿಯಲ್ಲೇ ದಾರಿ ಹಾದುಹೋಗುತ್ತದೆ. ಆದರೆ ಆ ದಾರಿಯಲ್ಲಿ ಕಲ್ಲಿನ ಮೆಟ್ಟಿಲುಗಳು 832. ಅವು ಸದಾ ಒದ್ದೆಯಾಗಿರುತ್ತವೆ. ಮೊಣಕಾಲು ನೋವಿರುವ ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಡಿ. ಲೆಚ್‌ವರ್ತ್‌ಗೇ ಹೋಗಿ.

ಹಿತ್ತಲ ಸಂಪಿಗೆ ಬರೆದದ್ದು:

ನಾನು ಹದಿನಾಲ್ಕು ವರ್ಷದಿಂದ ರಾಚೆಸ್ಟರಿನಲ್ಲಿದ್ದೇನೆ. ಲೆಚ್‌ವರ್ತ್‌ನಲ್ಲಿ ಧುಮುಕುವ ಜೆನೆಸೀ ನದಿ ನಮ್ಮ ಊರಿನ ನಡುವೆ ಹಾದು ಒಂಟಾರಿಯೋ ಸರೋವರ ಸೇರುತ್ತದೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಅಲ್ಲಿಗೆ ಹೋಗುತ್ತೇನೆ. ನಿಮ್ಮ ಅಪ್ಪನ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲ.

ಮೊದಲು ದಾರಿಯ ವಿಷಯ. ಪಾರ್ಕು ನದಿಯುದ್ದಕ್ಕೂ 17 ಮೈಲಿ ಚಾಚಿಕೊಂಡಿದೆ. ಮೊಬೈಲಿನಲ್ಲಿ ಬರೀ ಪಾರ್ಕಿನ ಹೆಸರು ಹಾಕಿದರೆ ಉತ್ತರದ ತುದಿಯ ಮೌಂಟ್ ಮಾರಿಸ್ ಬಾಗಿಲಿಗೆ ಒಯ್ದುಬಿಡಬಹುದು. ಜಲಪಾತಗಳಿರುವುದು ದಕ್ಷಿಣದ ತುದಿಯಲ್ಲಿ. ಕ್ಯಾಸ್ಟೈಲ್ ಕಡೆಯ ಬಾಗಿಲಿನಿಂದ ಒಳಗೆ ಬನ್ನಿ, ಅಮ್ಮನಿಗೆ ಕಾರಿನಲ್ಲಿ ಕೂರುವುದೂ ಕಡಿಮೆಯಾಗುತ್ತದೆ.

ದೊಡ್ಡ ಜಲಪಾತಗಳು ಮೂರು: ಮೇಲಿನದು, ನಡುವಿನದು, ಕೆಳಗಿನದು. ನಡುವಿನದೇ ಎಲ್ಲಕ್ಕಿಂತ ಚಂದ. 107 ಅಡಿ ಎತ್ತರ, ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಅಗಲ. ಗಾಡಿ ನಿಲ್ಲಿಸಿದ ಜಾಗದಿಂದ ನಾಲ್ಕು ಹೆಜ್ಜೆ ಹಾಕಿದರೆ ಕಲ್ಲಿನ ಕಟ್ಟೆ, ಅದರಾಚೆ ನೀರು. ತುಂತುರು ಮುಖಕ್ಕೇ ಬಡಿಯುತ್ತದೆ. ಅಮ್ಮನನ್ನು ಅಲ್ಲಿ ಕೂರಿಸಿ. ಅವರಿಗೆ ಬೇರೇನೂ ನೋಡಲಾಗದಿದ್ದರೂ ಬಂದದ್ದು ಸಾರ್ಥಕ. ಕೆಳಗಿನ ಜಲಪಾತಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಅದು ಬೇಡ. ಬದಲಿಗೆ ಇನ್ಸ್‌ಪಿರೇಷನ್ ಪಾಯಿಂಟ್ ಎಂಬಲ್ಲಿ ನಿಲ್ಲಿಸಿ. ಮೇಲಿನ ಎರಡು ಜಲಪಾತಗಳೂ ಅವುಗಳ ಹಿಂದಿನ ರೈಲು ಸೇತುವೆಯೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಅಕ್ಟೋಬರಿನಲ್ಲಿ ಎರಡೂ ಬದಿಯ ಮರಗಳು ಕೆಂಪು, ಕುಂಕುಮ, ಅರಿಶಿನದ ಬಣ್ಣಕ್ಕೆ ತಿರುಗಿರುತ್ತವೆ. ಸಾಗರದವರಿಗೆ ಒಂದು ಮಾತು: ಜೋಗದ ಎತ್ತರದೊಂದಿಗೆ ಇದನ್ನು ತೂಗಬೇಡಿ. ಜೋಗ 253 ಮೀಟರ್, ಇದು 33 ಮೀಟರ್. ಇದರ ಗತ್ತು ಇರುವುದು ಅಗಲದಲ್ಲಿ, ಪದರ ಪದರವಾಗಿ ನಿಂತಿರುವ ಬಂಡೆಯಲ್ಲಿ. ಹಿಮಯುಗದ ನೀರ್ಗಲ್ಲು ನದಿಯ ಹಳೆಯ ದಾರಿ ಮುಚ್ಚಿದ ಮೇಲೆ, ಹೊಸ ದಾರಿ ಹುಡುಕುತ್ತಾ ಜೆನೆಸೀ ಕೊರೆದ ಕಂದರವಿದು. ಕೆಲವು ಕಡೆ ಆಳ 550 ಅಡಿ ದಾಟುತ್ತದೆ.

ಇನ್ನು ಇದು ಯಾರದ್ದಾಗಿತ್ತು ಎಂಬುದು. ಹೆಚ್ಚಿನವರು ವಿಲಿಯಂ ಪ್ರಯರ್ ಲೆಚ್‌ವರ್ತ್ ಎಂದು ಹೇಳಿ ಮುಗಿಸುತ್ತಾರೆ. ಅವರು ಬಫಲೋ ನಗರದ ವರ್ತಕರು. ಕುದುರೆಯ ಜೀನು, ಸರಂಜಾಮುಗಳಿಗೆ ಬೇಕಾದ ಲೋಹದ ಸಾಮಾನಿನ ವ್ಯಾಪಾರದಲ್ಲಿ ದುಡ್ಡು ಮಾಡಿದವರು. 1859ರಲ್ಲಿ ನಡುವಿನ ಜಲಪಾತದ ಪಕ್ಕದ ಜಮೀನು ಕೊಂಡರು. ಆಗ ಸುತ್ತಲಿನ ಮರ ಕಡಿದು ಗುಡ್ಡ ಬೋಳಾಗಿತ್ತು, ಜಲಪಾತದ ಬಳಿಯಲ್ಲೇ ಮರ ಕೊಯ್ಯುವ ಗಿರಣಿ ಇತ್ತು. ಅವರು ಮತ್ತೆ ಮರ ನೆಡಿಸಿದರು. ಮನೆಗೆ ಗ್ಲೆನ್ ಐರಿಸ್ ಎಂದು ಹೆಸರಿಟ್ಟರು. ಐರಿಸ್ ಎಂದರೆ ಗ್ರೀಕರ ಕಾಮನಬಿಲ್ಲಿನ ದೇವತೆ. ಬಿಸಿಲಿರುವ ದಿನ ತುಂತುರಿನಲ್ಲಿ ಬಿಲ್ಲು ಮೂಡುವುದನ್ನು ನೀವೇ ನೋಡುತ್ತೀರಿ. 19ನೆಯ ಶತಮಾನದ ಕೊನೆಯಲ್ಲಿ ಒಂದು ಕಂಪನಿ ಪೋರ್ಟೇಜ್ ಬಳಿ ನದಿಗೆ ಅಣೆಕಟ್ಟು ಕಟ್ಟಲು ಹೊರಟಿತು. ತಾವು ಸತ್ತ ಮೇಲೆ ಜಲಪಾತದ ಗತಿ ಏನಾದೀತು ಎಂಬ ಚಿಂತೆ ಅವರಿಗೆ ಹತ್ತಿತು. 1906ರಲ್ಲಿ 1,000 ಎಕರೆಯನ್ನು ರಾಜ್ಯಕ್ಕೆ ದಾನ ಬರೆದರು. 1910ರಲ್ಲಿ ತೀರಿಕೊಂಡರು. ಆ ಮನೆ ಈಗ ಊಟ, ವಸತಿ ಇರುವ ಹೋಟೆಲು. ಪಾರ್ಕು ಬೆಳೆದು 14,000 ಎಕರೆ ದಾಟಿದೆ.

ಆದರೆ ಅವರು ಕೊಂಡದ್ದು ಯಾರೂ ಇಲ್ಲದ ನೆಲವನ್ನಲ್ಲ. ಅದು ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರ ಸೀಮೆ. 1779ರಲ್ಲಿ ವಾಷಿಂಗ್ಟನ್ನರ ಆಜ್ಞೆಯಂತೆ ಜನರಲ್ ಸಲಿವನ್ನನ ಸೈನ್ಯ ಈ ಕಣಿವೆಯವರೆಗೂ ಬಂದು ಊರುಗಳನ್ನು ಸುಟ್ಟಿತು, ನಿಂತ ಜೋಳದ ಪೈರನ್ನು, ಹಣ್ಣಿನ ತೋಟಗಳನ್ನು ನಾಶ ಮಾಡಿತು. 1797ರ ಬಿಗ್ ಟ್ರೀ ಒಪ್ಪಂದದಲ್ಲಿ ಉಳಿದ ನೆಲದ ಬಹುಪಾಲೂ ಕೈಬಿಟ್ಟುಹೋಯಿತು.

ಅಪ್ಪನನ್ನು ತಪ್ಪದೆ ಕೌನ್ಸಿಲ್ ಗ್ರೌಂಡ್ಸ್‌ಗೆ ಕರೆದುಕೊಂಡು ಹೋಗಿ. ಹೋಟೆಲಿನ ಮೇಲಿನ ಗುಡ್ಡದಲ್ಲಿದೆ, ಕಾರು ಹೋಗುತ್ತದೆ. ಜಲಪಾತ ನೋಡಲು ಬಂದವರಲ್ಲಿ ಹೆಚ್ಚಿನವರು ಅತ್ತ ತಲೆಯನ್ನೂ ಹಾಕುವುದಿಲ್ಲ. ಅಲ್ಲಿ ಮೇರಿ ಜೆಮಿಸನ್ ಸಮಾಧಿ ಇದೆ. ಆಕೆ 1743ರಲ್ಲಿ ಐರ್ಲೆಂಡಿನಿಂದ ಬರುತ್ತಿದ್ದ ಹಡಗಿನಲ್ಲಿ ಹುಟ್ಟಿದವಳು. ಹದಿಹರೆಯದಲ್ಲಿ ಪೆನ್ಸಿಲ್ವೇನಿಯದ ಮನೆಯಿಂದ ಸೆರೆಹಿಡಿದು ಒಯ್ದರು, ಹೆತ್ತವರನ್ನು ಕೊಂದರು. ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡಿದ್ದ ಇಬ್ಬರು ಸೆನೆಕಾ ಹೆಣ್ಣುಮಕ್ಕಳು ಆಕೆಯನ್ನು ತಂಗಿಯಾಗಿ ಮನೆ ತುಂಬಿಸಿಕೊಂಡರು. ಮುಂದೆ ಬಿಳಿಯರ ನಡುವೆ ಮರಳುವ ಅವಕಾಶ ಬಂದಾಗ ಆಕೆ ಒಲ್ಲೆ ಎಂದಳು. ನನ್ನ ಮಕ್ಕಳನ್ನು ಅವರು ತಮ್ಮವರೆಂದು ಕಾಣುವುದಿಲ್ಲ ಎಂಬುದೇ ಕಾರಣ. ಸಲಿವನ್ನನ ಸೈನ್ಯ ಹೋದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಗಾರ್ಡೋ ಎಂಬ ನದಿ ಬಯಲಿಗೆ ಬಂದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಇಬ್ಬರು ಕಪ್ಪು ಜನರ ಹೊಲದಲ್ಲಿ ಜೋಳದ ತೆನೆ ಸುಲಿದು ಆ ಚಳಿಗಾಲ ದಾಟಿದಳು. ಆ ಬಯಲೂ ಈಗ ಪಾರ್ಕಿನೊಳಗೇ ಸೇರಿದೆ. ಬೆನ್ನಿಗೆ ಕೂಸು ಕಟ್ಟಿಕೊಂಡು ನಡೆಯುತ್ತಿರುವ ಆಕೆಯ ಕಂಚಿನ ಪ್ರತಿಮೆ 1910ರಿಂದ ಸಮಾಧಿಯ ಮೇಲೆ ನಿಂತಿದೆ.

ಮಳೆ ಬಿದ್ದ ಮೇಲೆ ಬರೆದದ್ದು:

ಮಾಹಿತಿ ಚೆನ್ನಾಗಿದೆ, ಸಂಪಿಗೆಯವರೇ. ಒಂದು ಮಾತು ಮಾತ್ರ ಒಪ್ಪಲಾಗಲಿಲ್ಲ. ಲೆಚ್‌ವರ್ತ್ ಜಮೀನು ಕೊಳ್ಳುವ ಹೊತ್ತಿಗೆ ಸೆನೆಕಾ ಜನರಿಂದ ಅದು ಕೈತಪ್ಪಿ ಅರವತ್ತು ವರ್ಷವಾಗಿತ್ತು. ತಮ್ಮ ದುಡ್ಡಿನಲ್ಲಿ ಕೊಂಡು, ಬೆಳೆಸಿ, ಎಲ್ಲರಿಗೂ ಕೊಟ್ಟುಹೋದ ಮನುಷ್ಯನ ಹೆಸರಿನ ಮುಂದೆ ಈ ಹಳೆಯ ನೋವನ್ನು ತಂದಿಡುವುದು ಸರಿಯೇ? ವಯಸ್ಸಾದವರು ಸಂತೋಷವಾಗಿ ಒಂದು ದಿನ ಕಳೆಯಲು ಹೋಗುತ್ತಿದ್ದಾರೆ.

ಹಿತ್ತಲ ಸಂಪಿಗೆ ಬರೆದದ್ದು:

ಲೆಚ್‌ವರ್ತ್ ಅವರ ಮೇಲೆ ನನಗೆ ತುಂಬಾ ಗೌರವವಿದೆ. ಅವರು ಇಲ್ಲದಿದ್ದರೆ ನಾವು ನೋಡಲು ಆ ನೀರೇ ಇರುತ್ತಿರಲಿಲ್ಲವೇನೋ. ಆದರೆ ಸೆನೆಕಾ ಜನರ ಮಾತನ್ನು ಅಲ್ಲಿಗೆ ತಂದಿಟ್ಟವಳು ನಾನಲ್ಲ, ಸ್ವತಃ ಅವರೇ.

ನದಿಯ ಮೇಲ್ಗಡೆ ಕೆನಿಯಡಿಯಾ ಎಂಬಲ್ಲಿ ಸೆನೆಕಾ ಜನರು ಸಭೆ ಸೇರುತ್ತಿದ್ದ ಮರದ ಮನೆ ಪಾಳು ಬೀಳುತ್ತಿತ್ತು. ಲೆಚ್‌ವರ್ತ್ ಅದನ್ನು ಕೊಂಡು, ಬಿಚ್ಚಿಸಿ, ತಮ್ಮ ಗುಡ್ಡಕ್ಕೆ ತಂದು, ಪ್ರತಿ ದಿಮ್ಮಿಯೂ ಮೊದಲಿದ್ದ ಜಾಗದಲ್ಲೇ ಕೂರುವಂತೆ ಕಟ್ಟಿಸಿದರು. 1872ರ ಅಕ್ಟೋಬರ್ 1ರಂದು ಊರು ಕಳೆದುಕೊಂಡವರ ಮೊಮ್ಮಕ್ಕಳನ್ನು ಕರೆಸಿ ಅದೇ ಮನೆಯಲ್ಲಿ ಸಭೆ ಸೇರಿಸಿದರು. ಮಾತು ಸೆನೆಕಾ ಭಾಷೆಯಲ್ಲೇ ನಡೆಯಿತು. ಜೆನೆಸೀ ದಂಡೆಯ ಮೇಲೆ ನಡೆದ ಕೊನೆಯ ಸಭೆ ಎಂದು ಅದನ್ನು ನೆನೆಯುತ್ತಾರೆ. ಎರಡು ವರ್ಷದ ನಂತರ, ಬಫಲೋದಲ್ಲಿ ಹಾಳಾಗುತ್ತಿದ್ದ ಸಮಾಧಿಯಿಂದ ಮೇರಿಯ ಅಸ್ಥಿಗಳನ್ನೂ ತರಿಸಿ ಅದರ ಪಕ್ಕದಲ್ಲಿ ಮಣ್ಣು ಮಾಡಿಸಿದರು.

ಆ ಮನೆಯ ಒಂದು ದಿಮ್ಮಿಯಲ್ಲಿ ಆಳವಾಗಿ ಕೆತ್ತಿದ ಶಿಲುಬೆ ಇದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಕಂಬಗಳು. ನಮ್ಮದು ಕರೂರು ಸೀಮೆ. 1960ರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಡೆಯಾದವರು ನಾವು. ಅಜ್ಜಯ್ಯ ಮನೆ ಬಿಚ್ಚುವಾಗ ಪ್ರತಿ ಕಂಬಕ್ಕೂ ಬಾಚಿಯಿಂದ ಒಂದು, ಎರಡು, ಮೂರು ಎಂದು ಗೀರು ಹಾಕಿದ್ದರಂತೆ, ಹೊಸ ಜಾಗದಲ್ಲಿ ತಪ್ಪದೆ ನಿಲ್ಲಿಸಲು. ಗಾಡಿಯಲ್ಲಿ ಹೇರಿ ತಂದು ಹಾಗೆಯೇ ನಿಲ್ಲಿಸಿದರು. ಜಗಲಿಯ ನಾಲ್ಕನೆಯ ಕಂಬದ ಗೀರುಗಳ ಮೇಲೆ ಬೆರಳಾಡಿಸುತ್ತಲೇ ನಾನು ಎಣಿಸಲು ಕಲಿತದ್ದು. ಮಳೆಗಾಲದಲ್ಲಿ ಜೋಗ ತುಂಬಿ ಸುರಿಯುವಾಗ ಬಂದ ನೆಂಟರೆಲ್ಲ "ಎಷ್ಟು ಚಂದ" ಎನ್ನುತ್ತಿದ್ದರು. ಅಜ್ಜಯ್ಯನೂ ಚಂದ ಎಂದೇ ಹೇಳುತ್ತಿದ್ದರು. ಆಮೇಲೆ ಹಿನ್ನೀರಿನ ಕಡೆ ಕೈ ತೋರಿಸಿ, ಗದ್ದೆ ಎಲ್ಲಿತ್ತು, ದೇವರ ಬನ ಎಲ್ಲಿತ್ತು ಎಂದೂ ಹೇಳುತ್ತಿದ್ದರು. ಅದರಿಂದ ನಮ್ಮ ಯಾರ ಸಂತೋಷವೂ ಕೆಡಲಿಲ್ಲ.

ಸಾಗರದ ಮೇಷ್ಟರಿಗೆ ಇದು ಭಾರವಾಗುವುದಿಲ್ಲ ಎಂದೇ ನನ್ನ ನಂಬಿಕೆ.

ಕೊಡಚಾದ್ರಿ ಗಾಳಿ ಬರೆದದ್ದು:

ಆ ರೈಲು ಸೇತುವೆಯ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. 1852ರಲ್ಲಿ ಕಟ್ಟಿದ ಮೊದಲ ಸೇತುವೆ ಪೂರ್ತಿ ಮರದ್ದು, ನದಿಯಿಂದ 230 ಅಡಿಗೂ ಎತ್ತರ. 1875ರ ಮೇ 6ರಂದು ಸುಟ್ಟುಹೋಯಿತು. ಮೂರೇ ತಿಂಗಳೊಳಗೆ ಕಬ್ಬಿಣದ ಸೇತುವೆ ಎದ್ದಿತು, ಜುಲೈ 31ಕ್ಕೆ ತೆರೆಯಿತು. ಈಗ ಕಾಣುವ ಉಕ್ಕಿನ ಕಮಾನು 2017ರದ್ದು. ನಾನು ಹಳೆಯದನ್ನೂ ನೋಡಿದ್ದೇನೆ, ತೆಳ್ಳಗೆ ಜೇಡರ ಕಾಲಿನಂತೆ ನಿಂತಿತ್ತು. ನನಗೆ ಅದೇ ಇಷ್ಟವಾಗಿತ್ತು.

ಮೌಂಟ್ ಮಾರಿಸ್ ತುದಿಯಲ್ಲಿ ಒಂದು ಅಣೆಕಟ್ಟೂ ಇದೆ. 1952ರಲ್ಲಿ ಮುಗಿದದ್ದು, ಪ್ರವಾಹ ತಡೆಯಲು ಮಾತ್ರ. 1972ರಲ್ಲಿ ಆಗ್ನೆಸ್ ಚಂಡಮಾರುತದ ಮಳೆ ಬಂದಾಗ ಕೆಳಗಿನ ಊರುಗಳನ್ನು ಉಳಿಸಿದ್ದು ಅದೇ. ಜಲಪಾತಗಳಿಗಿಂತ ಬಹಳ ಕೆಳಗಿರುವುದರಿಂದ ಅಲ್ಲಿನ ನೀರಿಗೆ ತಡೆಯಿಲ್ಲ.

ಸಾಗರದ ಹುಡುಗ ಬರೆದದ್ದು:

ನಿನ್ನೆ ರಾತ್ರಿ ಮನೆ ಮುಟ್ಟಿದೆವು. ಎಲ್ಲರಿಗೂ ಧನ್ಯವಾದ, ಸಂಪಿಗೆ ಅಕ್ಕನಿಗೆ ವಿಶೇಷವಾಗಿ.

ಅಮ್ಮ ನಡುವಿನ ಜಲಪಾತದ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕೂತಿದ್ದರು. ಬುತ್ತಿಯ ಚಿತ್ರಾನ್ನವನ್ನೂ ಅಲ್ಲಿಂದ ಸ್ವಲ್ಪ ದೂರದ ಮೇಜಿನಲ್ಲೇ ತಿಂದೆವು. ಹನ್ನೊಂದರ ಹೊತ್ತಿಗೆ ಬಿಸಿಲು ಬಂದು ಬಿಲ್ಲು ಮೂಡಿತು. ಅಮ್ಮ ಕೈಮುಗಿದರು.

ನೀವು ಬರೆದದ್ದನ್ನೆಲ್ಲ ಕಾರಿನಲ್ಲಿ ಅಪ್ಪನಿಗೆ ಓದಿ ಹೇಳಿದ್ದೆ. ಮುಳುಗಡೆಯ ಭಾಗ ಓದುವಾಗ, "ಕರೂರಿನ ಯಾವ ಊರು ಎಂದು ಕೇಳು" ಎಂದರು. ನಮ್ಮ ಅಜ್ಜಿಯ ತವರು ಮನೆಯೂ ಆ ನೀರಿನಲ್ಲೇ ಹೋದದ್ದು ಎಂದು ನನಗೆ ಆಗಲೇ ಗೊತ್ತಾಗಿದ್ದು. ಇಷ್ಟು ವರ್ಷ ಅವರು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ.

ಗುಡ್ಡದ ಮೇಲೆ ನಾವು ಮೂವರೇ ಇದ್ದೆವು. ಅಪ್ಪ ಸಭೆಯ ಮನೆಯನ್ನು ಎರಡು ಸುತ್ತು ಹಾಕಿದರು. ಮೂಲೆಯಲ್ಲಿ ದಿಮ್ಮಿಗಳು ಒಂದಕ್ಕೊಂದು ಕಚ್ಚಿ ಕೂತ ಜಾಗವನ್ನು ಬಗ್ಗಿ ನೋಡಿದರು, ಮುಟ್ಟಲಿಲ್ಲ. ಮೇರಿಯ ಪ್ರತಿಮೆಯ ಹತ್ತಿರ ಬಂದು, ಬೆನ್ನ ಮೇಲಿನ ಮಗು ಗಂಡೋ ಹೆಣ್ಣೋ ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಅಕ್ಕ, ಅದೊಂದು ತಿಳಿಸಿ. ಹಾಗೆಯೇ ನಿಮ್ಮ ಊರಿನ ಹೆಸರನ್ನೂ.

ಹಿತ್ತಲ ಸಂಪಿಗೆ ಬರೆದದ್ದು:

ಗಂಡು ಮಗು. ಹೆಸರು ಥಾಮಸ್, ಆಕೆ ತನ್ನ ತಂದೆಯ ಹೆಸರನ್ನೇ ಇಟ್ಟಿದ್ದಳು. ಒಹಾಯೋ ಸೀಮೆಯಿಂದ ಜೆನೆಸೀವರೆಗೂ ಅವನನ್ನು ಹೊತ್ತು ನಡೆದುಬಂದಳು.

ಊರಿನ ಹೆಸರನ್ನು ನಿಮಗೆ ಖಾಸಗಿಯಾಗಿ ಬರೆದಿದ್ದೇನೆ. ಅಪ್ಪ ಮಲಗುವ ಮುಂಚೆ ತೋರಿಸಿ. ನಿಮ್ಮ ಅಜ್ಜಿಯ ತವರಿನ ಹೆಸರನ್ನೂ ಕೇಳಿ ತಿಳಿಸಿ, ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ನಮ್ಮ ದೊಡ್ಡಪ್ಪನನ್ನು ವಿಚಾರಿಸುತ್ತೇನೆ.