ಬೆಟ್ಟವಿಲ್ಲದ ಊರಿಗೆ ಬೆಟ್ಟದ ರಜೆ

ನಮ್ಮ ಮಾಸ್ತರರ ಅಕ್ಕನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಹ್ಯಾಡ್ಲಿ ಅನ್ನೋ ಸಣ್ಣ ಊರು, ಅಲ್ಲಿ ಮೌಂಟ್ ಹೋಲ್ಯೋಕ್ ಅನ್ನೋ ಹೆಣ್ಣುಮಕ್ಕಳ ಕಾಲೇಜು, 1837ರಷ್ಟು ಹಳೇದು. ಅಲ್ಲಿ ಮುಂದಿನ ವಾರ ಏನಿದೆ, ಹೋದ ವಾರ ಏನಾಯಿತು ಅನ್ನೋದನ್ನೆಲ್ಲ ಆಕೆ ಮಾವನಿಗೆ ಫೋನಿನಲ್ಲಿ ಹೇಳುತ್ತಾಳೆ, ಮಾವ ಸಂಜೆ ಗಾಂಧಿ ಚೌಕದ ಹತ್ತಿರ ಚಹಾ ಕುಡಿಯುತ್ತಾ ನಮಗೆ ಹೇಳುತ್ತಾರೆ, ಹೀಗಾಗಿ ವಿಜಯಪುರದಲ್ಲಿ ಕೂತ ನಮಗೆ ನಮ್ಮ ಓಣಿಯ ಸುದ್ದಿಗಿಂತ ಆ ಕಾಲೇಜಿನ ಸುದ್ದಿಯೇ ಜಾಸ್ತಿ ಗೊತ್ತು.

"ಈ ವಾರವೋ ಮುಂದಿನ ವಾರವೋ ಬೆಟ್ಟದ ದಿನ ಬರುತ್ತದಂತೆ," ಅಂದರು ಮಾಸ್ತರರು.

"ವಾರವೋ ಅಂದ್ರೆ? ತಾರೀಖು ಇಲ್ವಾ?" ವಕೀಲರು ಕೇಳಿದರು.

"ಇಲ್ಲ, ಅದೇ ಅದರ ಮಜಾ. ಚಳಿ ಶುರುವಾಗುವ ಮುಂಚೆ ಒಂದು ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಲೇಜಿನ ಗಂಟೆ ಬಾರಿಸುತ್ತಾರೆ. ಬಾರಿಸಿದರೆ ಆವತ್ತು ಪಾಠ ಬಂದ್. ಎಲ್ಲರೂ ಬೆಟ್ಟ ಹತ್ತುತ್ತಾರೆ, ಮೇಲೆ ಹೋಗಿ ಐಸ್‌ಕ್ರೀಮ್ ತಿನ್ನುತ್ತಾರೆ. 1838ರಿಂದ ಈ ಬೆಟ್ಟದ ದಿನ ನಡೆದುಬಂದಿದೆ."

ವಕೀಲರಿಗೆ ಇದು ಜೀರ್ಣವಾಗಲಿಲ್ಲ. "ನಮ್ಮ ಕೋರ್ಟಿನಲ್ಲಿ ಇದರ ಉಲ್ಟಾ. ತಾರೀಖು ಮಾತ್ರ ಇರುತ್ತೆ, ಬೇರೇನೂ ನಡೆಯಲ್ಲ."

ನಮ್ಮ ನಾಲ್ವರಲ್ಲಿ ಒಣದ್ರಾಕ್ಷಿ ವ್ಯಾಪಾರದ ಸಾವಕಾರರೂ ಒಬ್ಬರು. ಅವರು ಯಾವುದನ್ನೇ ಆಗಲಿ ಮೊದಲು ಲೆಕ್ಕ ಹಾಕುತ್ತಾರೆ. "ಗಂಟೆ ಬಾರಿಸಿದರೆ ರಜೆ, ಅಲ್ವಾ? ನಿಮ್ಮ ಕಾಲೇಜಿನಲ್ಲಿ ಗಂಟೆ ಬಾರಿಸೋಕೆ ಮುಂಚೆನೇ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಇರ್ತಾರಲ್ರೀ. ಅಮೆರಿಕ ಹಿಂದೆ ಬಿತ್ತು."

ಮಾಸ್ತರರು ನಮ್ಮ ಊರಿನ ಒಂದು ಸಣ್ಣ ಕಲಾ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾರೆ. ಸಣ್ಣದು ಅಂದರೆ ನಿಜವಾಗಿಯೂ ಸಣ್ಣದು: ಮೇಲೆ ಕ್ಲಾಸು, ಕೆಳಗೆ ಆಫೀಸು, ಮೆಟ್ಟಿಲಿನ ಕೆಳಗೆ ಲೈಬ್ರರಿ. ಮುಂದಿನ ಕಾರ್ಯಕ್ರಮ ಯಾವುದು ಅಂತ ಅವರನ್ನು ಕೇಳಿದರೆ ಪಟಪಟ ಹೇಳುತ್ತಾರೆ. ಗಾಂಧಿ ಜಯಂತಿ, ಆಮೇಲೆ ರಕ್ತದ ಗುಂಪು ತಪಾಸಣೆ, ರಂಗೋಲಿ ಸ್ಪರ್ಧೆ, ರಾಜ್ಯೋತ್ಸವ, ಎನ್ಎಸ್ಎಸ್ ಕ್ಯಾಂಪು. ಎಲ್ಲದಕ್ಕೂ ಅದೇ ವೇದಿಕೆ, ಅದೇ ಹಾರ, ಹೆಚ್ಚುಕಡಿಮೆ ಅದೇ ಅತಿಥಿ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಮುಗಿಯೋ ಹೊತ್ತಿಗೆ ಊಟದ ಟೈಮ್ ಆಗಿರುತ್ತೆ, ರಂಗೋಲಿ ಹಾಕಿದ ಹುಡುಗಿ ತನ್ನ ರಂಗೋಲಿ ಮೇಲೆಯೇ ಯಾರೋ ಕುರ್ಚಿ ಎಳೆದುಕೊಂಡು ಹೋದದ್ದನ್ನು ನೋಡುತ್ತಾ ನಿಂತಿರುತ್ತಾಳೆ. ನಾಲ್ಕು ಗೋಡೆಗೆ ಬಣ್ಣ ಬಿತ್ತು, ಗೇಟಿನ ಹತ್ತಿರ ಬಾಡಿಗೆಯ ಹೂಕುಂಡ ಬಂತು ಅಂದರೆ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತಿದೆ ಅಂತ ತಿಳಿಯಬೇಕು, ಬೇರೆ ಪ್ರಕಟಣೆ ಬೇಕಿಲ್ಲ.

"ಅಲ್ರೀ, ನಿಮ್ಮ ಹುಡುಗಿ ಓದೋದೇನು?" ನಾನು ಕೇಳಿದೆ.

"ಭೌತಶಾಸ್ತ್ರ. ಜೊತೆಗೆ ನೃತ್ಯ. ಈ ಸಲ ಧರ್ಮಗಳ ಇತಿಹಾಸವನ್ನೂ ತೊಗೊಂಡಿದ್ದಾಳೆ."

"ಒಂದನ್ನೂ ಗಟ್ಟಿ ಓದಲ್ಲ ಅನ್ನಿ," ಅಂದರು ಸಾವಕಾರರು.

ಮಾಸ್ತರರಿಗೆ ಸಿಟ್ಟು ಬಂತು. ಅಂಥ ಕಾಲೇಜು ಇರುವುದೇ ಹಾಗೆ, ಎಲ್ಲ ಕಡೆ ಕೈ ಹಾಕಿ ನೋಡಿ ಆಮೇಲೆ ಒಂದನ್ನು ಗಟ್ಟಿ ಹಿಡಿಯೋದು, ನಮ್ಮಲ್ಲೂ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ನಾಲ್ಕು ವರ್ಷದ ಡಿಗ್ರಿ, ಓಪನ್ ಇಲೆಕ್ಟಿವ್ ಎಲ್ಲ ಬಂದಿತ್ತು, ಬಿಕಾಂ ಹುಡುಗರು ಬಂದು ನನ್ನ ಹತ್ತಿರ ಆದಿಲ್‌ಶಾಹಿ ಇತಿಹಾಸ ಕೇಳಿದ್ದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ ಬಂದೆವು ಅಂತ ಒಂದೇ ಉಸಿರಿನಲ್ಲಿ ಹೇಳಿದರು. ಕೊನೆಗೆ, "ಎಮಿಲಿ ಡಿಕಿನ್ಸನ್ ಓದಿದ್ದೂ ಅದೇ ಕಾಲೇಜಿನಲ್ಲಿ, 1847ರಲ್ಲಿ ಸೇರಿದ್ದು" ಅಂತ ಬ್ರಹ್ಮಾಸ್ತ್ರ ಬಿಟ್ಟರು.

"ಎಷ್ಟು ವರ್ಷ ಓದಿದಳು?"

"ಒಂದು ವರ್ಷದೊಳಗೆ ಬಿಟ್ಟು ಮನೆಗೆ ಹೋದಳು. ಆಮೇಲೆ ದೊಡ್ಡ ಕವಿ ಅನ್ನಿಸಿಕೊಂಡಳು."

"ಇದನ್ನ ನನ್ನ ಮಗನ ಮುಂದೆ ಮಾತ್ರ ಹೇಳಬೇಡ್ರಿ," ಅಂತ ಸಾವಕಾರರು ಕೈ ಮುಗಿದರು.

ಇಷ್ಟರಲ್ಲಿ ಮಿರ್ಚಿ ಭಜಿ ಬಂತು. ಭಜಿ ಬಂದ ಮೇಲೆ ನಮ್ಮಲ್ಲಿ ಯೋಜನೆಗಳು ತಯಾರಾಗುತ್ತವೆ. ಈ ಬೆಟ್ಟದ ದಿನವನ್ನು ಮಾಸ್ತರರ ಕಾಲೇಜಿನಲ್ಲೂ ಯಾಕೆ ಮಾಡಬಾರದು ಅಂತ ವಕೀಲರೇ ತೆಗೆದರು. ಒಂದೇ ಒಂದು ಅಡ್ಡಿ. ವಿಜಯಪುರದಲ್ಲಿ ಬೆಟ್ಟ ಎಲ್ಲಿದೆ? ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದರೂ ಜೋಳದ ಹೊಲ, ಅದರಾಚೆ ಇನ್ನೂ ಜೋಳದ ಹೊಲ.

ಸಾವಕಾರರು ಫೋನ್ ತೆಗೆದು ಏನೋ ಹುಡುಕಿದರು. ಆಮೇಲೆ ಜೋರಾಗಿ ನಕ್ಕರು. "ಮಾಸ್ತರ್, ಆ ನಿಮ್ಮ ಹೋಲ್ಯೋಕ್ ಬೆಟ್ಟದ ಎತ್ತರ ಗೊತ್ತಾ? ಸಾವಿರ ಅಡಿಯೂ ಇಲ್ಲ!"

"ಅದಕ್ಕೇನು?"

"ನಮ್ಮ ಊರು ಸಮುದ್ರಮಟ್ಟದಿಂದ 1,800 ಅಡಿಗೂ ಮೇಲಿದೆ. ಬೇಕಾದರೆ ರೈಲ್ವೆ ಸ್ಟೇಶನ್ನಿನ ಹಳದಿ ಬೋರ್ಡ್ ನೋಡಿ ಬನ್ನಿ. ಈ ಬೆಂಚಿನ ಮೇಲೆ ಕೂತ ನಾವು ಅವರ ಬೆಟ್ಟದ ತುದಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿದ್ದೇವೆ. ಹತ್ತೋದೇನು ಬಂತು? ನಾವು ದಿನಾ ಬೆಟ್ಟದ ಮೇಲೆ ಕೂತೇ ಚಹಾ ಕುಡೀತಿದ್ದೀವಿ!"

ಇಡೀ ಅಂಗಡಿಗೆ ಇದರಿಂದ ಅಭಿಮಾನ ಬಂತು. ಭಜಿ ಕರಿಯುವವನೂ ಬೆನ್ನು ನೆಟ್ಟಗೆ ಮಾಡಿಕೊಂಡ. ಮಾಸ್ತರರು ಮಾತ್ರ, ಅದೇ ರಾಜ್ಯದಲ್ಲಿ ವಿಲಿಯಮ್ಸ್ ಅಂತ ಇನ್ನೊಂದು ಕಾಲೇಜಿದೆ, ಅವರಿಗೂ ಬೆಟ್ಟದ ದಿನ ಉಂಟು, ಅವರ ಗ್ರೇಲಾಕ್ ಬೆಟ್ಟ 3,491 ಅಡಿ ಅಂತ ಗೊಣಗಿದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೂ ಕಾಲಿಗೆ ಕೆಲಸ ಬೇಕಲ್ಲ. ಗೋಳಗುಮ್ಮಟ ಅಂದರು ವಕೀಲರು, ಏಳು ಅಂತಸ್ತಿನ ಮಿನಾರು ಇದೆ. ಬೇಡ ಅಂದೆ ನಾನು. ಮೇಲಿನ ಗ್ಯಾಲರಿಯಲ್ಲಿ ಒಬ್ಬ ಕೂಗಿದರೆ ಏಳು ಸಲ ಮರುದನಿ ಬರುತ್ತದೆ, ಇನ್ನೂರು ಹುಡುಗರು ಕೂಗಿದರೆ ಸಾವಿರದ ನಾಲ್ಕುನೂರು ಆಯಿತು, 1656ರಿಂದ ನಿಂತ ಗುಮ್ಮಟಕ್ಕೆ ಅಷ್ಟು ಕಷ್ಟ ಯಾಕೆ? ಕೊನೆಗೆ ಉಪ್ಪಲಿ ಬುರುಜು ಅಂತಾಯಿತು. ಸುಮಾರು 80 ಅಡಿ ಎತ್ತರ, 1584ರ ಹೊತ್ತಿಗೆ ಹೈದರ್ ಖಾನ್ ಕಟ್ಟಿಸಿದ್ದು, ಹೊರಗಿನಿಂದಲೇ ಸುತ್ತಿಕೊಂಡು ಹೋಗುವ ಮೆಟ್ಟಿಲು, ಮೇಲೆ ಉದ್ದುದ್ದ ಫಿರಂಗಿ, ಊರೆಲ್ಲ ಕಾಣುತ್ತೆ. ಐಸ್‌ಕ್ರೀಮ್ ಬದಲು ಕುಲ್ಫಿ.

"ಮುಖ್ಯ ಮಾತು ಒಂದೇ," ಅಂದರು ಮಾಸ್ತರರು, ಕಣ್ಣು ಹೊಳೆಯುತ್ತಿತ್ತು. "ಅತಿಥಿ ಬೇಡ, ವೇದಿಕೆ ಬೇಡ, ಮೈಕ್ ಬೇಡ. ಯಾರಿಗೂ ಗೊತ್ತಿರಬಾರದು. ಸುಮ್ನೆ ಒಂದು ದಿನ ಗಂಟೆ ಬಾರಿಸಬೇಕು. ಹುಡುಗರು ಅವತ್ತಾದ್ರೂ ಓಡಿ ಕಾಲೇಜಿಗೆ ಬರ್ತಾರೆ."

ಮರುದಿನ ಪ್ರಾಂಶುಪಾಲರಿಗೆ ಹೇಳಿದರು. ನಾಲ್ಕೈದು ದಿನ ಮಾಸ್ತರರು ಚಹಾಕ್ಕೆ ಬರಲಿಲ್ಲ. ಬಂದ ದಿನ ಜೇಬಿನಲ್ಲಿ ಒಂದು ಕಾಗದ ಇತ್ತು.

"ಒಪ್ಪಿದರಾ?" ಅಂತ ಮೂವರೂ ಕೇಳಿದೆವು.

"ಒಪ್ಪದೇ ಏನು! ಬಹಳ ಖುಷಿಪಟ್ಟರು. ನ್ಯಾಕ್‌ನವರಿಗೆ ತೋರಿಸೋಕೆ ಆಗುತ್ತೆ ಅಂದರು. ಸ್ವಾಗತ ಸಮಿತಿ, ಶಿಸ್ತು ಸಮಿತಿ, ಕುಲ್ಫಿ ಸಮಿತಿ ಆಗಿದೆ. ಬುರುಜಿನ ಕೆಳಗೆ ಪೆಂಡಾಲು. ಗಂಟೆ ಬಾರಿಸೋಕೆ ಉದ್ಘಾಟಕರು ಬರ್ತಾರೆ. ನೋಟಿಸೂ ಹಾಕಿ ಆಯ್ತು."

ವಕೀಲರು ಕಾಗದ ತೊಗೊಂಡು ಕೋರ್ಟಿನ ಧಾಟಿಯಲ್ಲಿ ಓದಿದರು: "ದಿನಾಂಕ 18ರಂದು ಬೆಳಿಗ್ಗೆ 10.30ಕ್ಕೆ ಸರಿಯಾಗಿ ಅನಿರೀಕ್ಷಿತವಾಗಿ ಗಂಟೆ ಬಾರಿಸಲಾಗುವುದು. ವಿದ್ಯಾರ್ಥಿಗಳು ಸಮವಸ್ತ್ರದಲ್ಲಿ ಹಾಜರಿರತಕ್ಕದ್ದು. ತಪ್ಪಿದವರ ಹಾಜರಾತಿ ಕಡಿತಗೊಳಿಸಲಾಗುವುದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾಸ್ತರರ ಮುಖ ನೋಡೋಕೆ ಆಗುತ್ತಿರಲಿಲ್ಲ.

"ಹೋಗಲಿ ಬಿಡ್ರಿ, ಕುಲ್ಫಿಯಾದರೂ ಸಿಗುತ್ತಲ್ಲ," ಅಂದೆ ನಾನು.

"ಅದೂ ಇಲ್ಲ. ಉದ್ಘಾಟಕರು ತಡವಾಗಿ ಬಂದರೆ ಕರಗುತ್ತೆ ಅಂತ ಕುಲ್ಫಿ ಸಮಿತಿ ತೀರ್ಮಾನ ಮಾಡಿದೆ. ಅದರ ಬದಲು ಎಲ್ಲರಿಗೂ ಒಂದೊಂದು ಪೊಟ್ಟಣ ಒಣದ್ರಾಕ್ಷಿ."

ಸಾವಕಾರರು ಚಹಾದ ಕಪ್ಪು ಕೆಳಗಿಟ್ಟರು. ಇಷ್ಟು ಹೊತ್ತು ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದ ಮನುಷ್ಯ ಈಗ ಗಂಭೀರವಾಗಿ ಮಾಸ್ತರರ ಕಡೆ ಬಾಗಿ, "ಸಮಿತಿಗೆ ಅಧ್ಯಕ್ಷರು ಯಾರು? ಕೊಟೇಶನ್ ನಾಳೆನೇ ಕಳಿಸ್ತೀನಿ" ಅಂದರು.